ಅಜ್ಜಂಪುರದಿಂದ ಕಲ್ಲತ್ತಿಗಿರಿಗೆ, ಗೇರಿಲ್ಲದ ಕಾರಿನಲ್ಲಿ

ಕಡೂರು, ಅಜ್ಜಂಪುರ, ತರೀಕೆರೆ. ಈ ಮೂರು ಊರುಗಳನ್ನು ನೀವು ರೈಲಿನ ಕಿಟಕಿಯಿಂದ ನೋಡಿರಬಹುದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಕಡೂರು, ಬೀರೂರು ದಾಟಿ ಅಜ್ಜಂಪುರದ ಬಯಲು ಸೇರುತ್ತದೆ. ಶಿವಮೊಗ್ಗದ ರೈಲು ಬೀರೂರಿನಲ್ಲಿ ಕವಲೊಡೆದು ತರೀಕೆರೆಯತ್ತ ತಿರುಗುತ್ತದೆ. ಕಡೂರಿನಲ್ಲಿ ತೆಂಗು, ರಾಗಿ; ಅಜ್ಜಂಪುರದಲ್ಲಿ ಈರುಳ್ಳಿ; ತರೀಕೆರೆಯಲ್ಲಿ ಅಡಿಕೆ, ಅದರಾಚೆ ಮಲೆನಾಡು. ಬಯಲು, ಪೇಟೆ, ಘಟ್ಟ ಮೂರೂ ಒಂದೇ ದಿನದಲ್ಲಿ ಸಿಗುವ ಕಡೆ ಇದು. ಹಳೆಯ ಕಾರೊಂದರ ನಾಡಿ ಹಿಡಿದು ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಕಡೂರಿನ ನನ್ನ ಸಹೋದ್ಯೋಗಿಯೊಬ್ಬರ ಎಡಗಾಲು ಬಾಲ್ಯದ ಪೋಲಿಯೋದಿಂದ ಸೊರಗಿದೆ. ಕ್ಲಚ್ ತುಳಿಯಲಾಗದು. ನಮ್ಮ ಕಡೆ ‘ಗೇರಿಲ್ಲದ ಕಾರು’ ಎಂದು ಕರೆಯುವ ಆಟೋಮ್ಯಾಟಿಕ್ ಅವರಿಗೆ ಶೋಕಿಯಲ್ಲ, ಕಾಲು. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲ. ಭವಿಷ್ಯ ನಿಧಿಯಿಂದ ತೆಗೆದ ಹಣ ಕೈಯಲ್ಲಿತ್ತು. ಅಜ್ಜಂಪುರದ ನಿವೃತ್ತರೊಬ್ಬರು 2011ರ ಮಾದರಿಯ ಸಣ್ಣ ಕಾರು ಮಾರುತ್ತಿದ್ದರು. ಫೋನಿನಲ್ಲೇ ಅವರು ಹೇಳಿಬಿಟ್ಟರು: “ಅರವತ್ತರ ಸ್ಪೀಡಲ್ಲಿ ನಡುಗುತ್ತೆ ಮೇಷ್ಟ್ರೇ. ಗೇರ್ ಬಾಕ್ಸ್ ಇಳಿಸಿ ಬೆಂಗಳೂರಿಗೆ ಕಳಿಸ್ಬೇಕು ಅಂದಿದ್ದಾರೆ. ಅದಕ್ಕೇ ಮಾರ್ತಿದ್ದೀನಿ.”

ಇಂಥ ಮಾರಾಟಗಾರರು ಅಪರೂಪ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒದ್ದೆಯಾದುದನ್ನು ಮೇಲೆ ಏಕೆ ಇಡಲಿಲ್ಲವೆಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದ ಘಟನೆ ನಿಮಗೆ ಗೊತ್ತೇ ಇದೆ. ಬಚ್ಚಿಟ್ಟ ದೋಷ ಆಮೇಲೆ ಕಂಡರೆ ವಸ್ತುವನ್ನು ಹಿಂತಿರುಗಿಸುವ ಹಕ್ಕು ಖರೀದಿದಾರನಿಗಿದೆ. ಫಿಕ್ಹ್‌ನಲ್ಲಿ ಅದಕ್ಕೆ ಖಿಯಾರುಲ್ ಐಬ್ ಎನ್ನುತ್ತಾರೆ. ಆದರೆ ದೋಷ ತಿಳಿದೂ ಒಪ್ಪಿ ಕೊಂಡರೆ ಆ ಹಕ್ಕು ಉಳಿಯುವುದಿಲ್ಲ. ಆದ್ದರಿಂದ ಆ ನಡುಕ ಏನು, ಎಷ್ಟು ದೊಡ್ಡದು ಎಂಬುದು ಹಣ ಎಣಿಸುವ ಮೊದಲೇ ಗೊತ್ತಾಗಬೇಕಿತ್ತು.

ಜೊತೆಗೆ ಬೀರೂರಿನ ಒಬ್ಬ ಹಿರಿಯ ಮೆಕ್ಯಾನಿಕ್ ಬಂದರು. ದಮ್ಮಾಮಿನಲ್ಲಿ ಹನ್ನೆರಡು ವರ್ಷ ಗ್ಯಾರೇಜಿನಲ್ಲಿದ್ದವರು. ಗಲ್ಫ್‌ನಲ್ಲಿ ಆಟೋಮ್ಯಾಟಿಕ್ ಕಾರುಗಳೇ ಹೆಚ್ಚು, ಆದ್ದರಿಂದ ನಮ್ಮ ಊರುಗಳಲ್ಲಿ ಇದರ ವಿದ್ಯೆ ಹೆಚ್ಚಾಗಿ ಅಲ್ಲಿಂದ ಮರಳಿದವರ ಕೈಯಲ್ಲಿದೆ. ಹಿಂದಿನ ರಾತ್ರಿಯೇ ಅವರು ಮಾರಾಟಗಾರರಿಗೆ ಫೋನ್ ಮಾಡಿಸಿ, ನಾವು ಬರುವವರೆಗೆ ಇಂಜಿನ್ ಶುರು ಮಾಡಬೇಡಿ ಎಂದಿದ್ದರು. ಬಿಸಿಯಾದ ಗೇರ್ ಬಾಕ್ಸ್ ಎಷ್ಟೋ ವಿಷಯ ಮುಚ್ಚಿಡುತ್ತದೆಯಂತೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆಟೋಮ್ಯಾಟಿಕ್ ಎಂದರೆ ಒಂದೇ ಬಗೆಯದ್ದಲ್ಲ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದ ಎಎಂಟಿ ನಿಜವಾಗಿ ಮಾಮೂಲಿ ಗೇರ್ ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ತುಸು ಮುಂದೆ ವಾಲಿದರೆ ಅದು ಅದರ ಸ್ವಭಾವ, ರೋಗವಲ್ಲ. ಸಿವಿಟಿಯಲ್ಲಿ ಹಲ್ಲಿನ ಗೇರುಗಳ ಬದಲು ಬೆಲ್ಟ್ ಮತ್ತು ಪುಲ್ಲಿ. ಮೂರನೆಯದು ಟಾರ್ಕ್ ಕನ್ವರ್ಟರ್. ಇದರಲ್ಲಿ ಇಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು ಎಣ್ಣೆಯ ಮೂಲಕ. ಯಾವ ಬಗೆಯೆಂದು ತಿಳಿಯದೆ ಪರೀಕ್ಷೆಗೆ ಇಳಿಯುವುದು ಕಣ್ಣುನೋವಿಗೆ ಹಲ್ಲು ಕಿತ್ತಂತೆ. ನಮ್ಮದು ಮೂರನೆಯ ಬಗೆ, ನಾಲ್ಕು ಗೇರಿನದು.

ಮುಂಜಾನೆಯ ಚಳಿಯಲ್ಲಿ ಭಾಯ್ ಮೊದಲು ನೋಡಿದ್ದು ಕಾರಿನ ಅಡಿಯ ನೆಲವನ್ನು. ಎಣ್ಣೆಯ ಹನಿ ಇರಲಿಲ್ಲ. ಇಂಜಿನ್ ಶುರುಮಾಡಿ, ಬ್ರೇಕ್ ತುಳಿದು, ಪಿಯಿಂದ ಡಿಗೆ ಹಾಕಿದರು. ಒಂದು ಸೆಕೆಂಡಿನಲ್ಲಿ ಕಾರು ಮೆಲ್ಲನೆ ತುಯ್ದು ಸಿದ್ಧವಾಯಿತು. ಆರ್‌ಗೆ ಹಾಕಿದಾಗ ಮಾತ್ರ ಎರಡು ಸೆಕೆಂಡು ತಡ, ಆಮೇಲೆ ಒಂದು ‘ಠಕ್’. “ಇದು ನೆನಪಿಡಿ ಹಜ್ರತ್,” ಎಂದರು. ಹೀಗೆ ತಡವಾದರೆ ಎಣ್ಣೆ ಕಡಿಮೆಯಿರಬಹುದು, ಇಲ್ಲವೇ ಒಳಗಿನ ರಬ್ಬರ್ ಸೀಲುಗಳು ಗಡಸಾಗಿ ಒತ್ತಡ ನಿಧಾನವಾಗಿ ಏರುತ್ತಿರಬಹುದು.

ಅಜ್ಜಂಪುರ ಅಮೃತ ಮಹಲ್ ಹಸುಗಳ ತಳಿ ಕೇಂದ್ರವಿರುವ ಊರು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂಬ ಹೆಸರು ಕೊಟ್ಟದ್ದು ಟಿಪ್ಪು ಸುಲ್ತಾನ್. ಸೈನ್ಯದ ಸಾಮಾನು, ತೋಪುಗಳನ್ನು ಎಳೆದ ಎತ್ತುಗಳ ತಳಿ ಅದು. ಇಲ್ಲಿನ ರೈತ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಅಷ್ಟಕ್ಕೇ ಬಿಡುವುದಿಲ್ಲ. ನೊಗ ಹೂಡಿಸಿ ನಡೆಸಿಯೂ ನೋಡುತ್ತಾನೆ. ನಾವೂ ಹಾಗೆಯೇ ತರೀಕೆರೆಯ ರಸ್ತೆಗಿಳಿದೆವು.

ಗಾಡಿ ಬಿಸಿಯಾಗುವ ತನಕ ಏನೂ ಇಲ್ಲ. ಗೇರುಗಳು ಸಲೀಸಾಗಿ ಬದಲಾದವು. ಇಂಜಿನ್ ಬೊಬ್ಬೆ ಹೊಡೆದು ವೇಗ ಮಾತ್ರ ಏರದೆ ಉಳಿಯುವುದಕ್ಕೆ ಸ್ಲಿಪ್ ಎನ್ನುತ್ತಾರೆ. ಅದು ಕಂಡರೆ ಒಳಗಿನ ಕ್ಲಚ್ ತಟ್ಟೆಗಳು ಸವೆದಿರುವ ಅನುಮಾನ, ಅಂಥ ಕಾರನ್ನು ಬಿಟ್ಟು ಬರುವುದೇ ಲೇಸು. ನಮಗೆ ಕಾಣಲಿಲ್ಲ. ಆದರೆ ಅರವತ್ತು ಮುಟ್ಟಿ ಒಂದೇ ವೇಗದಲ್ಲಿ ಹೋಗುವಾಗ ನಡುಕ ಶುರುವಾಯಿತು, ರಸ್ತೆಯ ಸಣ್ಣ ಉಬ್ಬುಗಳ ಮೇಲೆ ಹೋದ ಹಾಗೆ. ಭಾಯ್ ಆಗ ಮಾಡಿದ್ದನ್ನು ನೀವು ಗಮನಿಸಬೇಕು. ಆಕ್ಸಿಲರೇಟರ್ ಬಿಡದೆ, ಎಡಗಾಲಿನಿಂದ ಬ್ರೇಕನ್ನು ಬರೀ ಸ್ಪರ್ಶಿಸಿದರು. ನಡುಕ ತಟ್ಟನೆ ನಿಂತಿತು! ಸಮ ವೇಗದಲ್ಲಿ ಟಾರ್ಕ್ ಕನ್ವರ್ಟರಿನೊಳಗಿನ ಲಾಕ್-ಅಪ್ ಕ್ಲಚ್ ಹಿಡಿದುಕೊಳ್ಳುತ್ತದೆ. ಬ್ರೇಕ್ ದೀಪ ಹತ್ತಿದೊಡನೆ ಕಂಪ್ಯೂಟರ್ ಅದನ್ನು ಬಿಡಿಸುತ್ತದೆ. ನಡುಕ ಅಲ್ಲಿಯದೇ. ಸ್ಪಾರ್ಕ್ ಪ್ಲಗ್ ಕೆಟ್ಟು ಇಂಜಿನ್ ನಡುಗಿದ್ದರೆ ಹೀಗೆ ನಿಲ್ಲುತ್ತಿರಲಿಲ್ಲ. (ಇದನ್ನು ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ತಿಳಿದವರೇ ಮಾಡಬೇಕು.)

ತರೀಕೆರೆಯ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿದರು. ಪಿ 0740 ಎಂಬ ಕೋಡ್ ಬಂತು. ಅದು ಲಾಕ್-ಅಪ್ ಕ್ಲಚ್ಚಿನ ಸರ್ಕ್ಯೂಟಿನ ಕೋಡ್. ದೂರು ಎಲ್ಲಿಂದ ಬಂದಿದೆ ಎಂದಷ್ಟೇ ಕೋಡ್ ಹೇಳುತ್ತದೆ, ಯಾವ ಭಾಗ ಕೆಟ್ಟಿದೆ ಎಂದಲ್ಲ. ವೈರಿಂಗ್ ನೋಡಿದರು, ಸರಿಯಿತ್ತು. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಡಿಪ್ ಸ್ಟಿಕ್ ತೆಗೆದರು. ಇದನ್ನು ಕೆಲವು ಕಾರುಗಳಲ್ಲಿ ಇಂಜಿನ್ ಓಡುತ್ತಿರುವಾಗ ನೋಡಬೇಕು, ಹೋಂಡಾದಂಥ ಕೆಲವಲ್ಲಿ ಆಫ್ ಮಾಡಿದ ತಕ್ಷಣ. ಕಾರಿನ ಕೈಪಿಡಿಯೇ ಇದಕ್ಕೆ ಪ್ರಮಾಣ. ಕೆಂಪಾಗಿರಬೇಕಿದ್ದ ಎಣ್ಣೆ ಹಳೆಯ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಆದರೆ ಸುಟ್ಟ ವಾಸನೆ ಇರಲಿಲ್ಲ, ಬಿಳಿ ಬಟ್ಟೆಗೆ ಒರೆಸಿದಾಗ ಲೋಹದ ಪುಡಿ ಕಾಣಲಿಲ್ಲ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ರೇಡಿಯೇಟರ್ ನೀರು ಸೇರಿದೆಯೆಂದು ಅರ್ಥ, ಅದೂ ಇಲ್ಲ. ರಿವರ್ಸಿನ ಆ ‘ಠಕ್’ಗೆ ಮುಖ್ಯ ಕಾರಣ ಹರಿದ ಇಂಜಿನ್ ಮೌಂಟ್.

“ಕಾರು ಕೊಂಡ ಮೇಲೆ ಇದನ್ನು ಎಂದಾದರೂ ಬದಲಿಸಿದ್ದೀರಾ?” ಎಂದು ಕೇಳಿದೆ. “ಇಂಜಿನ್ ಆಯಿಲ್ ಬದಲಿಸ್ತಾನೇ ಇದ್ದೆ. ಇದಕ್ಕೆ ಬೇಡ, ಜೀವನಪೂರ್ತಿ ಬರುತ್ತೆ ಅಂದಿದ್ರು,” ಎಂದರು ಯಜಮಾನರು. ಯಾರ ಜೀವನವೋ!

ಅಲ್ಲಿಯೇ ಕರಾರಾಯಿತು: ಎಣ್ಣೆ, ಮೌಂಟ್ ನಮ್ಮ ಖರ್ಚಿನಲ್ಲಿ. ನಡುಕ ತಗ್ಗಿದರೆ ಆ ಖರ್ಚು ಕಾರಿನ ಬೆಲೆಯಲ್ಲಿ ವಜಾ. ತಗ್ಗದಿದ್ದರೆ ಕಾರು ಅವರದ್ದು, ನಷ್ಟ ನಮ್ಮದು. ಭಾಯ್ ಕಂಪನಿ ಹೇಳಿದ ಗ್ರೇಡಿನ ಎಣ್ಣೆಯನ್ನೇ ಹಾಕಿದರು. ಯಂತ್ರದಿಂದ ಒತ್ತಡ ಕೊಟ್ಟು ತೊಳೆಯಲು ಒಪ್ಪಲಿಲ್ಲ. ಹಳೆಯ ಕೊಳೆ ಎದ್ದು ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡೀತೆಂದು ಬರೀ ಇಳಿಸಿ ತುಂಬಿದರು. ಒಮ್ಮೆಗೆ ಅರ್ಧದಷ್ಟೂ ಬದಲಾಗುವುದಿಲ್ಲ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ.

ಮಧ್ಯಾಹ್ನ ಲಿಂಗದಹಳ್ಳಿ ದಾರಿ ಹಿಡಿದೆವು. ಕೆಮ್ಮಣ್ಣುಗುಂಡಿ 1434 ಮೀಟರ್ ಎತ್ತರದಲ್ಲಿದೆ, ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ತಾಣ. ಕಲ್ಲತ್ತಿಗಿರಿ ಜಲಪಾತ ಅದರ ದಾರಿಯಲ್ಲೇ ಸಿಗುತ್ತದೆ. ನಾಲ್ವರು ಕುಳಿತಿದ್ದ ಕಾರು ತಿರುವುಗಳಲ್ಲಿ ತಾನೇ ಎರಡನೇ ಗೇರಿಗೆ ಇಳಿದು ಹತ್ತಿತು. ಏರಿನಲ್ಲಿ ಬಸ್ಸಿಗೆ ದಾರಿ ಬಿಡಲು ನಿಂತಾಗ ಭಾಯ್ ಬ್ರೇಕನ್ನೇ ತುಳಿದರು. ಆಕ್ಸಿಲರೇಟರಿನಿಂದ ಕಾರು ಹಿಡಿದಿಟ್ಟರೆ ಎಣ್ಣೆ ಕುದಿಯುತ್ತದೆ, ಎಎಂಟಿಯಾದರೆ ಕ್ಲಚ್ ಸುಡುತ್ತದೆ. ಕಲ್ಲತ್ತಿಗಿರಿಯಲ್ಲಿ ಮತ್ತೆ ಎಣ್ಣೆ ಮೂಸಿ ನೋಡಿದರು, ಸುಟ್ಟ ವಾಸನೆ ಇಲ್ಲ. ಜಲಪಾತದ ನೀರಿನಲ್ಲಿ ವುಝೂ ಮಾಡಿ ಅಸರ್ ನಮಾಝ್ ಮುಗಿಸಿ ಇಳಿದೆವು, ಗೇರನ್ನು 2ರಲ್ಲಿಟ್ಟು.

ತರೀಕೆರೆಯಿಂದ ಕಡೂರಿನ ಹೆದ್ದಾರಿಯಲ್ಲಿ, ಹಿಂದೆ 206 ಎನ್ನುತ್ತಿದ್ದ ಈಗಿನ 69ರಲ್ಲಿ, ಅರವತ್ತರ ನಡುಕ ಅರ್ಧಕ್ಕೆ ಇಳಿದಿತ್ತು. ಎರಡು ವಾರದ ಬಳಿಕ ಮತ್ತೊಮ್ಮೆ ಎಣ್ಣೆ ಬದಲಿಸಿದ ಮೇಲೆ ಹುಡುಕಿದರೂ ಸಿಗಲಿಲ್ಲ. ಕೋಡೂ ಮರಳಿ ಬಂದಿಲ್ಲ. ಇಂಥ ಕಾರು ಎಲ್ಲಾದರೂ ನಿಂತರೆ ತಳ್ಳಿ ಶುರು ಮಾಡಲಾಗದು, ಹಗ್ಗ ಕಟ್ಟಿ ಎಳೆಯಲೂ ಬಾರದು. ಎಳೆದರೆ ಎಣ್ಣೆಯ ಪಂಪು ತಿರುಗದೆ ಒಳಗೆಲ್ಲ ಒಣಗಿ ಉಜ್ಜುತ್ತದೆ. ಗಾಡಿಯ ಮೇಲೆ ಹೇರಿಯೇ ತರಬೇಕು. ಆ ಗಾಡಿಯವನ ನಂಬರನ್ನು ನನ್ನ ಸಹೋದ್ಯೋಗಿ ಡ್ಯಾಶ್‌ಬೋರ್ಡಿನಲ್ಲಿ ಬರೆದಿಟ್ಟಿದ್ದಾರೆ.

ರಿವರ್ಸಿನ ‘ಠಕ್’ ಹೋಗಿದೆ, ಚಳಿಯ ಮುಂಜಾನೆಯ ತಡ ಹೋಗಿಲ್ಲ. ಅದು ಸೀಲುಗಳ ವಯಸ್ಸು, ಒಂದು ದಿನ ದುಡ್ಡು ಕೇಳುತ್ತದೆ ಎಂದು ಭಾಯ್ ಹೇಳಿದ್ದಾರೆ. ಸಹೋದ್ಯೋಗಿ ಅದಕ್ಕೆಂದು ತಿಂಗಳಿಗಿಷ್ಟು ತೆಗೆದಿಡುತ್ತಾರೆ. ಸದ್ಯ ಬೆಳಿಗ್ಗೆ ಆರ್‌ಗೆ ಹಾಕಿ, ಮನಸ್ಸಿನಲ್ಲೇ ಎರಡು ಎಣಿಸಿ, ಆಮೇಲೆ ಬ್ರೇಕಿನಿಂದ ಕಾಲು ತೆಗೆಯುತ್ತಾರೆ.