ಶಾಂತಿಗ್ರಾಮದ ಜಗಲಿಯಲ್ಲಿ ಒಂದು ಇರುಳು

ಹಾಸನದಿಂದ ಬೆಂಗಳೂರಿನ ಕಡೆಗೆ ಹೊರಟವರಿಗೆ ಶಾಂತಿಗ್ರಾಮ ಸಿಕ್ಕಲು ಅರ್ಧ ಗಂಟೆಯೂ ಬೇಡ. ಹೆದ್ದಾರಿಯ ಸುಂಕದ ಕಟ್ಟೆಯನ್ನು ಕಂಡು, ಊರನ್ನೇ ಕಂಡೆವೆಂದು ತಿಳಿದು ಮುಂದೆ ಸಾಗುವವರೇ ಹೆಚ್ಚು. ಒಳಗೆ ಹೊಕ್ಕವರಿಗೆ ಹೊಯ್ಸಳರ ಕಾಲದ ನರಸಿಂಹ ದೇವಾಲಯವಿದೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯಿಂದಲೇ ಊರಿಗೆ ಈ ಹೆಸರು ಬಂದಿತೆಂಬ ಪ್ರತೀತಿಯೂ ಇದೆ. 2025ರ ಜೂನ್ 3ರಂದು ನಾನು ಅಲ್ಲಿಗೆ ಹೋದುದು ಶಿಲ್ಪವನ್ನು ನೋಡಲೆಂದು; ಇರುಳೆಲ್ಲ ನೋಡಿದುದು ಕ್ರಿಕೆಟ್ ಪಂದ್ಯವನ್ನು!

ನನ್ನ ವಿದ್ಯಾರ್ಥಿಯೊಬ್ಬನ ಮನೆ ಅಲ್ಲಿದೆ. ನಾನು ದೇವಾಲಯದಿಂದ ಹಿಂತಿರುಗುವಷ್ಟರಲ್ಲಿ ಟಿ.ವಿ. ಜಗಲಿಗೆ ಬಂದಿತ್ತು, ಕೇರಿಯ ಅರ್ಧ ಜನ ಅದರ ಮುಂದೆ ನೆರೆದಿದ್ದರು. "ಮೇಷ್ಟ್ರು ಇವತ್ತು ಹೋಗೋ ಹಾಗಿಲ್ಲ" ಎಂದು ಹುಡುಗ ನನ್ನ ಚೀಲವನ್ನು ಒಳಗಿಟ್ಟುಬಿಟ್ಟ. ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡಕ್ಕೂ ಪಂಜಾಬ್ ಕಿಂಗ್ಸ್ ತಂಡಕ್ಕೂ ಐ.ಪಿ.ಎಲ್. ಅಂತಿಮ ಪಂದ್ಯ ನಡೆಯಲಿತ್ತು.

ಹದಿನೆಂಟು ವರ್ಷಗಳ ನಿರೀಕ್ಷೆ ಅದು. 2008ರ ಏಪ್ರಿಲ್ 18ರಂದು ಮೊದಲ ಪಂದ್ಯದಲ್ಲಿಯೇ ತಂಡ 82 ರನ್ನುಗಳಿಗೆ ಉರುಳಿ, 140 ರನ್ನುಗಳಿಂದ ಸೋತಿತ್ತು. 2009, 2011, 2016ರಲ್ಲಿ ಅಂತಿಮ ಪಂದ್ಯದವರೆಗೂ ಹೋಗಿ ಬರಿಗೈಯಲ್ಲಿ ಮರಳಿತ್ತು. "ಈ ಸಲ ಕಪ್ ನಮ್ದೇ" ಎಂಬ ಮಾತು ವರ್ಷವರ್ಷವೂ ಆಸೆಯಾಗಿ ಹುಟ್ಟಿ, ಬೇಸಗೆ ಮುಗಿಯುವ ವೇಳೆಗೆ ನಗೆಯ ಮಾತಾಗುತ್ತಿತ್ತು. ಆದರೆ 2025ರ ತಂಡದ ರೀತಿಯೇ ಬೇರೆ. ಲೀಗ್ ಹಂತದಲ್ಲಿ ಎದುರಾಳಿಗಳ ನೆಲದಲ್ಲಿ ಆಡಿದ ಏಳಕ್ಕೆ ಏಳು ಪಂದ್ಯಗಳನ್ನೂ ಗೆದ್ದಿತ್ತು. ಮೇ 29ರ ಮೊದಲ ಕ್ವಾಲಿಫೈಯರಿನಲ್ಲಿ ಇದೇ ಪಂಜಾಬನ್ನು 101ಕ್ಕೆ ಕಟ್ಟಿಹಾಕಿ, ಹತ್ತೇ ಓವರುಗಳಲ್ಲಿ ಗುರಿ ಮುಟ್ಟಿತ್ತು.

ಹುಡುಗನ ತಾತನಿಗೆ ಈ ಲೆಕ್ಕಗಳೆಲ್ಲ ರುಚಿಸಲಿಲ್ಲ.

"ಮೇಷ್ಟ್ರೇ, ಈ ಹನ್ನೊಂದು ಜನದಲ್ಲಿ ನಮ್ಮ ಕಡೆಯೋರು ಎಷ್ಟು?" ಎಂದರು.

ನಾನು ಎಣಿಸಿ ನೋಡಿದೆ. ಕರ್ನಾಟಕದವರೆಂದರೆ ಮಯಾಂಕ್ ಅಗರ್ವಾಲ್ ಒಬ್ಬರೇ! ನಾಯಕ ರಜತ್ ಪಾಟೀದಾರ್ ಇಂದೋರಿನವರು. ವಿರಾಟ್ ಕೊಹ್ಲಿ ದೆಹಲಿಯವರು.

"ದುಡ್ಡು ಕೊಟ್ಟು ಕರೆತಂದೋರು ನಮ್ಮೋರು ಹೆಂಗಾದಾರು?"

ಪ್ರಶ್ನೆ ಸುಲಭದ್ದಲ್ಲ. ನನಗೆ ಬೇಲೂರು ನೆನಪಾಯಿತು. ಅಲ್ಲಿಯ ಚೆನ್ನಕೇಶವ ದೇವಾಲಯದಲ್ಲಿ ಕೆತ್ತಿದ ದಾಸೋಜನೂ ಅವನ ಮಗ ಚಾವಣನೂ ಬಳ್ಳಿಗಾವಿಯಿಂದ ಬಂದವರು. ಕೆಲಸಕ್ಕೆಂದು ಬಂದು, ತಮ್ಮ ಹೆಸರನ್ನು ಶಿಲೆಯ ಮೇಲೆ ಬಿಟ್ಟುಹೋದವರು. ಇಂದು ಆ ಮದನಿಕೆಯರನ್ನು ಹಾಸನದವರಾದ ನಾವು ಪರರವೆಂದು ಎಣಿಸುತ್ತೇವೆಯೆ? ಹಾಗೆಂದು ಹೇಳಿದೆ. ತಾತ ತುಸು ಯೋಚಿಸಿ, "ಅಂಗಾದ್ರೆ ಗೆಲ್ಲಲಿ ಬಿಡಿ" ಎಂದು ಗೋಡೆಗೆ ಒರಗಿ ಕುಳಿತರು.

ಬೆಂಗಳೂರು 190 ರನ್ನು ಮಾಡಿತು. ಕೃಣಾಲ್ ಪಾಂಡ್ಯ ನಾಲ್ಕು ಓವರುಗಳಲ್ಲಿ ಕೇವಲ 17 ರನ್ನು ಕೊಟ್ಟು ಎರಡು ವಿಕೆಟ್ ಕಿತ್ತಾಗ ಜಗಲಿಗೆ ಜೀವ ಬಂತು. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ಬೇಕಿತ್ತು, ಬಂದದ್ದು 22. ಗೆಲುವಿನ ಅಂತರ ಆರು ರನ್ನು. 2009ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಅನಿಲ್ ಕುಂಬ್ಳೆ ನಾಲ್ಕು ವಿಕೆಟ್ ಕಿತ್ತರೂ ನಮ್ಮವರು ಸೋತದ್ದು ಇದೇ ಆರು ರನ್ನುಗಳಿಂದ! ಕೊಹ್ಲಿ ಮೈದಾನದಲ್ಲಿ ಅತ್ತರು; ಜಗಲಿಯ ಮೇಲೂ ಕಣ್ಣೊರೆಸಿಕೊಂಡವರಿದ್ದರು. ದೇವಾಲಯದ ಬೀದಿಯಲ್ಲಿ ಪಟಾಕಿ ಸಿಡಿಯಿತು.

ಮರುದಿನ ತಂಡ ಬೆಂಗಳೂರಿಗೆ ಬರುವುದೆಂದು ತಿಳಿದು, ಹುಡುಗ ಗೆಳೆಯರೊಡನೆ ಬೆಳಗಿನ ಬಸ್ಸಿಗೆ ಸಿದ್ಧನಾದ. ತಾತ ಅಡ್ಡ ನಿಂತರು.

"ಮಳೆ ಬಿದ್ದು ಭೂಮಿ ಹದವಾಗೈತೆ. ಆಲೂಗಡ್ಡೆ ಬಿತ್ತನೆ ನಿನ್ನ ಕಪ್ಪಿಗೋಸ್ಕರ ಕಾಯ್ತದೇನೋ?"

ಹುಡುಗ ಮುಖ ಊದಿಸಿಕೊಂಡು ಹೊಲಕ್ಕೆ ಹೋದ. ನಾನು ಹಾಸನದ ಬಸ್ಸು ಹಿಡಿದೆ. ಅಂದು ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ ಹನ್ನೊಂದು ಜನ ಸತ್ತರು. ಕಪ್ಪನ್ನು ಕಣ್ಣಾರೆ ಕಾಣಬೇಕೆಂಬುದಷ್ಟೇ ಅವರ ಆಸೆಯಾಗಿತ್ತು.

ತಿಂಗಳು ಕಳೆದ ಮೇಲೆ ಮತ್ತೆ ಹೋದೆ. ಆಲೂಗಡ್ಡೆಯ ಸಾಲುಗಳು ಹಸುರಾಗಿದ್ದವು. ಹುಡುಗ ಕಪ್ಪಿನ ಮಾತನ್ನೇ ಎತ್ತಲಿಲ್ಲ. ನಾನು ತಾತನಿಗೆ, "ಅಂದು ನೀವು ತಡೆದದ್ದು ಒಳ್ಳೆಯದಾಯಿತು" ಎಂದೆ.

ಅವರು ಹೊಲದ ಕಡೆಗೆ ನೋಡುತ್ತಲೇ ಹೇಳಿದರು: "ನಾನೇನು ತಿಳಿದು ತಡೆದೆನೇ ಮೇಷ್ಟ್ರೇ? ಬಿತ್ತನೆ ಇತ್ತು, ತಡೆದೆ. ಬಿತ್ತನೆ ಇಲ್ಲದ ಮನೆಯ ಮಕ್ಕಳು ಹೋದರು. ಅವರೂ ನಮ್ಮೋರೇ ಅಲ್ಲವಾ?"