ಟ್ಯಾಂಕ್ ನೋಡಿ ಬೈಕ್ ಕೊಂಡೆ

ಬಿಎಸ್‌ಎ ಗೋಲ್ಡ್ ಸ್ಟಾರ್‌ನ ಹೆಸರೇ ರೇಸಿನಿಂದ ಬಂದದ್ದು. 1937ರಲ್ಲಿ ವಾಲ್ ಹ್ಯಾಂಡ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಬಿಎಸ್‌ಎ ಎಂಪೈರ್ ಸ್ಟಾರ್ ಓಡಿಸಿ, ಗಂಟೆಗೆ 100 ಮೈಲಿ ಮೀರಿದ ವೇಗದಲ್ಲಿ ಸುತ್ತು ಮುಗಿಸಿದರು. ಆ ಸಾಧನೆಗೆ ಅಲ್ಲಿ ಕೊಡುತ್ತಿದ್ದ ಚಿನ್ನದ ನಕ್ಷತ್ರವೇ ಮರುವರ್ಷ ಬಂದ ಬೈಕಿನ ಹೆಸರಾಯಿತು. ಐಲ್ ಆಫ್ ಮ್ಯಾನ್‌ನ ಕ್ಲಬ್‌ಮನ್ಸ್ ಟಿಟಿಯ ಜೂನಿಯರ್ ಪಂದ್ಯವನ್ನು 1949ರಿಂದ 1956ರವರೆಗೆ ಅದು ಯಾರಿಗೂ ಬಿಟ್ಟುಕೊಡಲಿಲ್ಲ. ಈ ಚರಿತ್ರೆಯೆಲ್ಲ ನನಗೆ ಬಾಯಿಪಾಠ. ಬೈಕನ್ನು ಪರೀಕ್ಷಿಸಿ ನೋಡುವುದು ಮಾತ್ರ ಗೊತ್ತಿರಲಿಲ್ಲ.

ಬಿಎಸ್‌ಎ ಕಾರ್ಖಾನೆಯಿದ್ದ ಬರ್ಮಿಂಗ್‌ಹ್ಯಾಮ್‌ನಲ್ಲೇ ನಾನು ಕೆಲಸದಲ್ಲಿದ್ದಾಗ ಗೋಲ್ಡ್ ಸ್ಟಾರ್ ಒಂದು ಮಾರಾಟಕ್ಕೆ ಬಂತು. ಟ್ಯಾಂಕಿನ ಮೇಲೆ ದುಂಡನೆಯ ಕೆಂಪು ಲಾಂಛನ, ತಗ್ಗಿದ ಹ್ಯಾಂಡಲ್. ದಾಖಲೆಯ ಎಂಜಿನ್ ಸಂಖ್ಯೆಯನ್ನು ಎಂಜಿನ್ ಮೇಲಿನದರೊಂದಿಗೆ ತಾಳೆ ನೋಡಿದೆ. ಎರಡೂ ಒಂದೇ ಇದ್ದವು. ಅಷ್ಟಕ್ಕೇ ನಂಬಿ, ಕೂಡಿಟ್ಟ ಹಣವನ್ನೆಲ್ಲ ಕೊಟ್ಟುಬಿಟ್ಟೆ.

ಓಡಿಸಲು ಬಲು ಸಲೀಸಾಗಿತ್ತು. ಸಿಗ್ನಲ್‌ನಲ್ಲಿ ನಿಂತರೂ ಎಂಜಿನ್ ಆರುತ್ತಿರಲಿಲ್ಲ. ಮೊದಲ ಗೇರಿನಲ್ಲಿ ತಕರಾರಿಲ್ಲದೆ ಹೊರಡುತ್ತಿತ್ತು. ಇದನ್ನೇ ನಾನು ಹೊಗಳುತ್ತಿದ್ದಾಗ, ಗೋಲ್ಡ್ ಸ್ಟಾರ್ ಇಟ್ಟುಕೊಂಡಿದ್ದ ಹಿರಿಯರೊಬ್ಬರಿಗೆ ಅನುಮಾನ ಬಂತು. ಗೋಲ್ಡ್ ಸ್ಟಾರ್‌ನ ಡಿಬಿಡಿ34 ಕ್ಲಬ್‌ಮನ್ ಮಾದರಿ, ಅಂದರೆ ನಾನು ಕೊಂಡೆನೆಂದು ನಂಬಿದ್ದು, ಮೊದಲ ಗೇರಿನಲ್ಲೇ ಗಂಟೆಗೆ ಸುಮಾರು 60 ಮೈಲಿ ವೇಗ ಮುಟ್ಟುತ್ತದೆ. ಹಾಗಾಗಿ ಹೊರಡುವಾಗ ಕ್ಲಚ್ಚನ್ನು ಪೂರ್ತಿ ಬಿಡುವಂತಿಲ್ಲ. ಅದರ ಅಮಾಲ್ ಜಿಪಿ ಕಾರ್ಬುರೇಟರ್ ರೇಸಿಗೆಂದು ಮಾಡಿದ್ದು. ನಿಂತಲ್ಲಿ ಆಕ್ಸಿಲರೇಟರ್ ಕೊಡುತ್ತಲೇ ಇರಬೇಕು.

ಅವರು ಒಂದು ಅಯಸ್ಕಾಂತ ತಂದು ಸಿಲಿಂಡರಿನ ರೆಕ್ಕೆಗಳ ಹತ್ತಿರ ಹಿಡಿದರು. ಟಕ್ಕನೆ ಅಂಟಿಕೊಂಡಿತು. ಅಲ್ಯೂಮಿನಿಯಂ ಇರಬೇಕಾದಲ್ಲಿ ಬೆಳ್ಳಿಬಣ್ಣ ಬಳಿದ ಬೀಡುಕಬ್ಬಿಣ! ಫ್ರೇಮಿನ ಬಲಗಡೆಯ ಕೆಳಕೊಳವೆ ಆಯಿಲ್ ಪಂಪಿಗೆ ಜಾಗ ಬಿಟ್ಟು ಬಾಗಿರಬೇಕಿತ್ತು, ನನ್ನದರಲ್ಲಿ ನೆಟ್ಟಗಿತ್ತು. ಎಂಜಿನ್ ಸಂಖ್ಯೆ ಶುರುವಾಗುತ್ತಿದ್ದದ್ದು ಡಿಬಿಡಿ34ರಿಂದಲ್ಲ, ಬಿಬಿ33ರಿಂದ. ಅದು ಅದೇ ಕಂಪನಿಯ, ಅಷ್ಟೇ 499 ಸಿಸಿಯ, ದಿನಬಳಕೆಯ ಬಿ33. ಸಂಖ್ಯೆ ಹೊಂದುತ್ತದೆಯೇ ಎಂದಷ್ಟೇ ನೋಡಿದ ನಾನು, ಆ ಸಂಖ್ಯೆ ಯಾವ ಬೈಕಿನದು ಎಂದು ವಿಚಾರಿಸಿರಲಿಲ್ಲ.

ಬಿ33 ಎಂದೇ ಹೇಳಿ ಅದನ್ನು ಮಾರಿದೆ. ನಷ್ಟ ದೊಡ್ಡದಾಗಿತ್ತು, ಆದರೆ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲು ಮನಸ್ಸು ಒಪ್ಪಲಿಲ್ಲ.

ರೇಸಿನ ಪರಂಪರೆ ಟ್ಯಾಂಕಿನ ಬಣ್ಣದಲ್ಲಿಲ್ಲ; ಊರೊಳಗೆ ಸವಾರನನ್ನು ಸತಾಯಿಸುವ ಆ ಗೇರಿನಲ್ಲಿ, ಆ ಕಾರ್ಬುರೇಟರಿನಲ್ಲಿದೆ. ಇಂಥ ಬೈಕ್ ಕೊಳ್ಳುವವರು ಫ್ರೇಮ್ ಮತ್ತು ಎಂಜಿನ್ ಸಂಖ್ಯೆಗಳನ್ನು ಮೊದಲು ಗೋಲ್ಡ್ ಸ್ಟಾರ್ ಓನರ್ಸ್ ಕ್ಲಬ್ಬಿನವರಿಗೆ ತೋರಿಸಲಿ. ವರ್ಷಗಟ್ಟಲೆ ಅದನ್ನು ಓಡಿಸಿದವರೊಬ್ಬರನ್ನು ಜೊತೆಗೆ ಕರೆದೊಯ್ಯಲಿ. ಆ ಸತಾಯಿಸುವಿಕೆಯನ್ನು ದಿನವೂ ಸಹಿಸಬಲ್ಲೆನೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಆಗದು ಎನಿಸಿದರೆ ಬಿ33ನ್ನು ಬಿ33ರ ಬೆಲೆಗೇ ಕೊಳ್ಳಬಹುದು. ಅದೂ ಒಳ್ಳೆಯ ಬೈಕೇ.