ಕಾರ್ನೀಲಿಯಾ ಬೀದಿಯ ಎಂಟಡಿ ರಂಗ

1964ರ ಮೇ ತಿಂಗಳ ರಾತ್ರಿ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಕಾರ್ನೀಲಿಯಾ ಬೀದಿಯಲ್ಲಿ, 31ನೇ ನಂಬರಿನ ಬಾಗಿಲ ಬಳಿ ಒಂದು ಪೋಸ್ಟರು. ನೀವು ಬಗ್ಗಿ ನೋಡುತ್ತೀರಿ. ಅಕ್ಷರಗಳು ಬಳ್ಳಿಯಂತೆ ಹೆಣೆದುಕೊಂಡಿವೆ, ಸಲೀಸಾಗಿ ಓದಲಾಗದು. ಬೇಕೆಂದೇ ಹಾಗೆ ಬರೆದದ್ದು. ಒಳಗೆ ನಾಟಕ ನಡೆಯುತ್ತಿದೆಯೆಂದು ಪೊಲೀಸರಿಗೆ ಗೊತ್ತಾಗಬಾರದು.

ಒಳಗೆ ಉದ್ದನೆಯ ಇಕ್ಕಟ್ಟು ಕೋಣೆ. ಎಸ್‌ಪ್ರೆಸೊ ಯಂತ್ರ ಬುಸುಗುಡುತ್ತಿದೆ. ಫೋಟೊ, ಪೋಸ್ಟರು, ಮಿಣುಕು ದೀಪದ ಸರಗಳ ಹಿಂದೆ ಗೋಡೆಯೇ ಕಾಣುವುದಿಲ್ಲ. ಪುಟ್ಟ ಮೇಜಿಗೆ ಮೊಣಕೈ ಊರಿದರೆ ಪಕ್ಕದವರ ಕಾಫಿ ಚೆಲ್ಲುತ್ತದೆ. ಎದುರಿಗೆ ಎಂಟಡಿ ಅಗಲ, ಎಂಟಡಿ ಉದ್ದದ ಕಟ್ಟೆ, ರಂಗವೆಂದರೆ ಅಷ್ಟೇ. 1958ರ ಕೊನೆಗೆ ಈ ಕೆಫೆ ತೆರೆದ ಜೋ ಚೀನೊ, ಬಫಲೊದಿಂದ ಬಂದ ಸಿಸಿಲಿ ಮೂಲದ ದಪ್ಪ ಮೈಯವನು, ಮುಂದೆ ಬಂದು ಆಟ ಶುರುವಾಗುತ್ತಿದೆಯೆಂದು ಸಾರುತ್ತಾನೆ. ದೀಪ ಆರುತ್ತದೆ.

ಬೆಳಕು ಮರಳಿದಾಗ ನಟ ನೀಲ್ ಫ್ಲಾನಗನ್ ಕೈಗೆಟಕುವಷ್ಟು ಹತ್ತಿರದಲ್ಲಿದ್ದಾನೆ. ಅವನೀಗ ಲೆಸ್ಲಿ ಬ್ರೈಟ್: ಯೌವನ ಜಾರಿದ, ಬಣ್ಣ ಹಚ್ಚಿಕೊಂಡ, ಬೇಸಗೆಯ ಬಾಡಿಗೆ ಕೋಣೆಯಲ್ಲಿ ಒಂಟಿಯಾದ ಸಲಿಂಗಿ. ಫೋನ್ ತಿರುಗಿಸುತ್ತಾನೆ, ಮಾತಿಗೆ ಯಾರೂ ಸಿಗುವುದಿಲ್ಲ. ಬಂದುಹೋದ ಗಂಡಸರು ಗೋಡೆಯ ಮೇಲೆ ಬರೆದಿಟ್ಟ ಹೆಸರುಗಳನ್ನು ಒಂದೊಂದಾಗಿ ನೋಡುತ್ತಾನೆ. ಮೊದಮೊದಲು ನಗು ಬರುತ್ತದೆ. ಆಮೇಲೆ ನಿಮ್ಮ ಮೇಜಿನಲ್ಲಿ ಯಾರೂ ಕಪ್ಪು ಎತ್ತುತ್ತಿಲ್ಲ.

ಈ ನಾಟಕ ಬರೆದವನು ಲ್ಯಾನ್‌ಫೋರ್ಡ್ ವಿಲ್ಸನ್, ಮಿಸ್ಸೂರಿಯಿಂದ ಬಂದ 27ರ ಹುಡುಗ, ತಾನೂ ಸಲಿಂಗಿ. ಹೊಟ್ಟೆಪಾಡಿಗೆ ಅಮೆರಿಕಾನಾ ಹೊಟೇಲಿನಲ್ಲಿ ರೂಮು ಕಾದಿರಿಸುವ ಗುಮಾಸ್ತಗಿರಿ ಮಾಡುತ್ತಿದ್ದ ಕಾಲದಲ್ಲಿ ಇದನ್ನು ಬರೆದ. ಅದೇ ಊರಿನಲ್ಲಿ 1927ರಿಂದ ಒಂದು ಕಾನೂನಿದೆ: ಇಂಥ ಜೀವನವನ್ನು ವಸ್ತುವಾಗಿಸಿದ ನಾಟಕ ಆಡಿಸಿದರೆ ರಂಗಮಂದಿರಕ್ಕೆ ಬೀಗ ಬೀಳಬಹುದು. ಅದು ಹೋಗುವುದು 1967ಕ್ಕೆ. ಬ್ರಾಡ್‌ವೇಯ ದೊಡ್ಡ ರಂಗಮಂದಿರಗಳು ಗುಸುಗುಸುವಿನಲ್ಲೇ ಮುಗಿಸಿದ್ದನ್ನು ವಿಲ್ಸನ್ ನಡುರಂಗಕ್ಕೆ ತಂದ, ಅಲ್ಲೇ ಮಾತಾಡಲು ಬಿಟ್ಟ. ಲೆಸ್ಲಿ ಇನ್ನೊಬ್ಬರ ಕಥೆಯಲ್ಲಿ ಬಯಲಾಗಬೇಕಾದ ಗುಟ್ಟಲ್ಲ, ಕಥೆಯೇ ಅವನದು. ನನಗೆ ಈ ನಾಟಕದ ಮೇಲಿನ ಪ್ರೀತಿಗೆ ಅದೇ ಕಾರಣ. ಇನ್ನೂರಕ್ಕೂ ಹೆಚ್ಚು ಪ್ರದರ್ಶನ ಈ ಕಟ್ಟೆಯ ಮೇಲೇ ಆದವು.

ಕೊನೆಗೆ ಲೆಸ್ಲಿ ಮನಸ್ಸಿನ ಹಿಡಿತ ತಪ್ಪಿ, ಮನೆಗೆ ಕರೆದುಕೊಂಡು ಹೋಗೆಂದು ಅಂಗಲಾಚುತ್ತಾನೆ. ಕತ್ತಲು. ಚಪ್ಪಾಳೆ ತುಸು ತಡವಾಗಿ ಏಳುತ್ತದೆ. ನಟರಿಗೆ ಸಂಬಳವಿಲ್ಲ, ಟೋಪಿ ಮೇಜಿನಿಂದ ಮೇಜಿಗೆ ಬರುತ್ತಿದೆ. ನೀವು ಜೇಬಿಗೆ ಕೈಹಾಕುತ್ತೀರಿ. ಪಕ್ಕದ ಮೇಜಿನ ಇಬ್ಬರು ಗಂಡಸರು ಹಿಡಿದ ಕೈ ಇನ್ನೂ ಬಿಟ್ಟಿಲ್ಲ.